ಇಪ್ಪತ್ತಾರು ಹಲ್ಲುಗಳ ಅರ್ಜಿ

ಕೋವಿಡ್ ಕಾಟ ಮುಗಿದು ಆಫೀಸುಗಳು ಮತ್ತೆ ಬಾಗಿಲು ತೆರೆದ ವರ್ಷ ಅದು. ನಾನಾಗ ಸಿಲಿಕಾನ್ ವ್ಯಾಲಿಯ ಮಿಲ್ಪಿಟಾಸ್‌ನ ಒಂದು ಸಣ್ಣ ಕಚೇರಿಯಲ್ಲಿ ಪೇಟೆಂಟ್ ಏಜೆಂಟ್ ಆಗಿದ್ದೆ. ಆ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಪೇಟೆಂಟ್ ಏಜೆಂಟ್ ಎಂದರೆ ವಕೀಲೆಯಲ್ಲ. ಎಂಜಿನಿಯರಿಂಗ್ ಓದಿ, ಅದರ ಮೇಲೊಂದು ಪರೀಕ್ಷೆ ಪಾಸು ಮಾಡಿ, ಹೊಸದೇನನ್ನಾದರೂ ಕಂಡುಹಿಡಿದವರ ಪರವಾಗಿ ಸರ್ಕಾರದ ಪೇಟೆಂಟ್ ಕಚೇರಿಗೆ ಅರ್ಜಿ ಬರೆಯುವವಳು. ನನ್ನ ಮೇಜಿಗೆ ಬರುತ್ತಿದ್ದದ್ದೆಲ್ಲ ಹಾರ್ಡ್ ಡಿಸ್ಕಿನ ಒಳಗಿನ ತೋಳು, ಚಿಪ್ ತಯಾರಿಸುವ ಯಂತ್ರದ ಹಿಡಿ, ಇಂಥವೇ. ಕೂದಲೆಳೆಗಿಂತ ಸಣ್ಣ ಅಳತೆಗಳ ನಡುವೆ ಇದ್ದೂ ಇದ್ದೂ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಹಾಗಿರುವಾಗ ಒಂದು ದಿನ ನಸೀಮಾ ಫೋನು ಮಾಡಿದಳು. ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮನೆ ಎವರ್‌ಗ್ರೀನ್‌ನಲ್ಲಿ, ನಮ್ಮ ಮಕ್ಕಳು ಒಂದೇ ಶಾಲೆಯಲ್ಲಿ ಓದಿದವರು.

"ಆಂಟಿ, ಅಬ್ಬಾ ಒಂದು ಇನ್ವೆನ್ಶನ್ನು ಮಾಡಿದ್ದಾರೆ. ನಗಬೇಡಿ. ಕುದುರೆ ಎಳೆಯೋ ಹೇ ರೇಕು."

ನಾನು ನಕ್ಕೇಬಿಟ್ಟೆ. ಸಿಲಿಕಾನ್ ವ್ಯಾಲಿಯಲ್ಲಿ ಕೂತು ಕುದುರೆ ಎಳೆಯುವ ಯಂತ್ರಕ್ಕೆ ಪೇಟೆಂಟ್! ಆದರೆ ನಗು ನಿಂತ ಮೇಲೆ ಕುತೂಹಲ ಬಿಡಲಿಲ್ಲ. ಕರೆದುಕೊಂಡು ಬಾ ಎಂದೆ.

ಅವಳ ತಂದೆ ಕರೀಮ್ ಸಾಹೇಬರಿಗೆ ಆಗ ಎಪ್ಪತ್ತೊಂದು ವರ್ಷ. ಮೈಸೂರಿನವರು. ಅವರ ತಂದೆ ಟಾಂಗಾ ಓಡಿಸುತ್ತಿದ್ದವರು. ಇವರು ಒಂದು ರೇಷ್ಮೆ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದವರು. ಮಗಳ ಮನೆಗೆ ಬಂದ ಮೇಲೆ ಬೆಳಗಿನ ವಾಕಿಂಗಿಗೆಂದು ಎವರ್‌ಗ್ರೀನ್‌ನ ಹಿಂದಿನ ಗುಡ್ಡ ಹತ್ತುತ್ತಿದ್ದರಂತೆ. ಅಲ್ಲಿ ರೋಸಾ ಎಂಬ ಅರವತ್ತರ ಹೆಂಗಸೊಬ್ಬಳ ಸಣ್ಣ ರಾಂಚ್ ಇದೆ. ಎರಡು ಭಾರೀ ಗಾತ್ರದ ಕುದುರೆಗಳು, ಅವುಗಳ ವರ್ಷದ ಮೇವಿಗೆ ಬೇಕಾದ ಹುಲ್ಲು ಅದೇ ಗುಡ್ಡದಲ್ಲಿ. ಇಳಿಜಾರು ಹೆಚ್ಚಾದ್ದರಿಂದ ಟ್ರ್ಯಾಕ್ಟರ್ ಜಾರುತ್ತದೆಂದು ಅವಳು ಕುದುರೆ ಕಟ್ಟಿಯೇ ಕೆಲಸ ಮಾಡುತ್ತಾಳೆ. ಭಾಷೆ ಅಷ್ಟಕ್ಕಷ್ಟೇ ಆದರೂ ಕುದುರೆ ನಡುವೆ ಇದ್ದದ್ದರಿಂದ ಇಬ್ಬರಿಗೂ ಸ್ನೇಹವಾಗಿತ್ತು.

ಹೇ ರೇಕ್ ಎಂದರೆ ಕೊಯ್ದು ಒಣಗಿದ ಹುಲ್ಲನ್ನು ಬಾಚುವ ಸಾಧನ. ಎರಡು ದೊಡ್ಡ ಚಕ್ರ, ನಡುವೆ ಒಂದು ದಂಡ, ದಂಡಕ್ಕೆ ಬಿಲ್ಲಿನಂತೆ ಬಾಗಿದ ಉಕ್ಕಿನ ಹಲ್ಲುಗಳು, ರೋಸಾಳದ್ದಕ್ಕೆ ಇಪ್ಪತ್ತಾರು. ಕುದುರೆ ಎಳೆದಂತೆ ಹಲ್ಲುಗಳಲ್ಲಿ ಹುಲ್ಲು ತುಂಬುತ್ತದೆ. ಆಗ ಸೀಟಿನ ಮೇಲೆ ಕೂತವರು ಪೆಡಲ್ ತುಳಿದರೆ ದಂಡ ಚಕ್ರಕ್ಕೆ ಕಚ್ಚಿಕೊಂಡು ತಿರುಗಿ, ಹಲ್ಲುಗಳೆಲ್ಲ ಒಮ್ಮೆಲೇ ಮೇಲೆದ್ದು ಹುಲ್ಲು ಸಾಲಾಗಿ ಕೆಳಗೆ ಬೀಳುತ್ತದೆ. ಮತ್ತೆ ಹಲ್ಲುಗಳು ಇಳಿದು ಮುಂದಿನ ಹುಲ್ಲು ಬಾಚುವುದು ಶುರು.

ನಸೀಮಾ ಅವರನ್ನು ಆಫೀಸಿಗೆ ಕರೆತಂದಾಗ ನಾನು ನನ್ನ ಫಾರಂ ತೆಗೆದೆ. ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಹೊಸದೇನು?

"ಪೆನ್ನಿ ಕಿವಿ ನೋಡಿದೆ ಮೇಡಂ," ಎಂದರು ಸಾಹೇಬರು. ಪೆನ್ನಿ ಎಂದರೆ ರೋಸಾಳ ಹೆಣ್ಣು ಕುದುರೆ. "ರೋಸಮ್ಮ ಪೆಡಲ್ ಮೇಲೆ ಕಾಲಿಡೋಕೆ ಮುಂಚೇನೇ ಕಿವಿ ಹಿಂದಕ್ಕೆ ಮಡಚ್ಕೊಳ್ತಿತ್ತು. ಈಗ ಜಗ್ತದೆ ಅಂತ ಅದಕ್ಕೆ ಗೊತ್ತು. ಇಪ್ಪತ್ತಾರು ಹಲ್ಲಿನ ಭಾರ ಒಂದೇ ಸಲಕ್ಕೆ ಬಿದ್ರೆ ಯಾರ್ ತಡೀತಾರೆ? ಬರ್ತಾ ಬರ್ತಾ ರೇಕ್ ಕಟ್ಟೋಕೆ ನಿಲ್ತಾನೇ ಇರ್ಲಿಲ್ಲ."

"ಅದಕ್ಕೆ ನೀವೇನು ಮಾಡಿದಿರಿ?"

"ಮಿಲ್ಲಲ್ಲಿ ಕರೆಂಟ್ ಹೋಗಿ ಬಂದಾಗ ಎಲ್ಲಾ ಮಗ್ಗಾನೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗ್ತಿತ್ತು. ಒಂದೊಂದೇ ಹಾಕ್ತಿದ್ವಿ. ಹಲ್ಲಿಗೂ ಹಂಗೇ ಮಾಡ್ದೆ."

ಪ್ರತಿ ಹಲ್ಲನ್ನೂ ದಂಡದ ಮೇಲೆ ಸಡಿಲವಾಗಿ ಕೂರಿಸಿ, ದಂಡದಲ್ಲಿ ಒಂದಕ್ಕಿಂತ ಒಂದು ಉದ್ದನೆಯ ಸೀಳು ಕೊರೆದಿದ್ದರು. ದಂಡ ತಿರುಗಿದಾಗ ಸೀಳಿನ ಕೊನೆ ತಾಗಿದ ಹಲ್ಲಷ್ಟೇ ಏಳುತ್ತದೆ. ಗಿಡ್ಡ ಸೀಳಿನ, ಇಳಿಜಾರಿನ ಕೆಳಬದಿಯ ಹಲ್ಲು ಮೊದಲು, ಆಮೇಲೆ ಅದರ ಪಕ್ಕದ್ದು, ಹೀಗೆ ಕೊನೆಯವರೆಗೆ. ಕುದುರೆಗೆ ಜಗ್ಗು ತಟ್ಟುವುದಿಲ್ಲ. ಎಷ್ಟು ಸರಳ, ಎಷ್ಟು ಚೆಂದ!

ಹೊರಡುವಾಗ ಅವರು ಸಂಕೋಚದಿಂದ ಹೇಳಿದರು: "ಮಿಲ್ಲಲ್ಲಿ ಏನೇ ಹೊಸದು ಮಾಡಿದ್ರೂ ಸೂಪರ್‌ವೈಸರ್ ಹೆಸರಲ್ಲೇ ಮೇಲಕ್ಕೆ ಹೋಗ್ತಿತ್ತು ಮೇಡಂ. ಒಂದೇ ಒಂದು ಕಾಗದದ ಮೇಲೆ ನನ್ನ ಹೆಸರು ನೋಡ್ಬೇಕು ಅಂತ ಆಸೆ. ಬೇರೆ ಏನೂ ಬೇಡ."

ಹೊಸದಲ್ಲದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ. ಜಗತ್ತಿನಲ್ಲಿ ಎಲ್ಲಿಯಾದರೂ, ಎಂದಾದರೂ, ಯಾರಾದರೂ ಅದನ್ನೇ ಬರೆದಿಟ್ಟಿದ್ದರೆ ಅಲ್ಲಿಗೆ ಕಥೆ ಮುಗಿಯಿತು. ಅದಕ್ಕೇ ಅರ್ಜಿಗೆ ಮೊದಲು ಹುಡುಕಾಟ. ನಾನು ಹಾರ್ಡ್ ಡಿಸ್ಕಿಗೆ ಹುಡುಕುವಂತೆಯೇ ಕಂಪ್ಯೂಟರಿನಲ್ಲಿ ನಾಲ್ಕಾರು ಪದ ಹಾಕಿ ಹುಡುಕಿದೆ. ಏನೂ ಸಿಗಲಿಲ್ಲ. "ದಾರಿ ಸುಗಮವಾಗಿದೆ ಸಾಹೇಬ್ರೇ" ಎಂದು ಫೋನಿನಲ್ಲಿ ಹೇಳಿಯೂ ಬಿಟ್ಟೆ. ಮರುದಿನವೇ ಅವರು ಒಂದು ಡಬ್ಬಿ ಖರ್ಜೂರ ಹಿಡಿದು ಆಫೀಸಿಗೆ ಬಂದು ನಮ್ಮ ರಿಸೆಪ್ಷನಿಸ್ಟಿಗೂ ಕೊಟ್ಟು ಹೋದರು. ಇಷ್ಟು ವರ್ಷ ಕೆಲಸ ಮಾಡಿದವಳು ಅಷ್ಟು ಅವಸರದಿಂದ ಆ ಮಾತು ಹೇಳಬಾರದಿತ್ತು.

ಅರ್ಜಿ ಬರೆಯಲು ಕೂತಾಗ ಮನಸ್ಸಿಗೆ ಏನೋ ಚುಚ್ಚಿತು. ನೂರೈವತ್ತು ವರ್ಷಗಳ ಹಿಂದಿನ ಪೇಟೆಂಟುಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ನಿಜ. ಆದರೆ ಮಸುಕಾದ ಆ ಅಕ್ಷರಗಳನ್ನು ಕಂಪ್ಯೂಟರ್ ಸರಿಯಾಗಿ ಓದುವುದಿಲ್ಲ. ಪದ ಹಾಕಿದರೆ ಅವು ಸಿಗುವುದೇ ಇಲ್ಲ. ಒಂದು ವರ್ಗಕ್ಕೆ ಸೇರಿದ ಹಾಳೆಗಳನ್ನೆಲ್ಲ ತೆರೆದು, ಚಿತ್ರಗಳನ್ನು ಒಂದೊಂದಾಗಿ ಕಣ್ಣಲ್ಲೇ ನೋಡಬೇಕು. ಆ ಶನಿವಾರ ಮಧ್ಯಾಹ್ನ ಊಟ ಮುಗಿಸಿ ಅದಕ್ಕೆ ಕೂತೆ.

ನೋಡುತ್ತಾ ಹೋದಂತೆ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹುಲ್ಲು ಬಾಚುವುದರ ಬಗ್ಗೆ ಮನುಷ್ಯರು ಇಷ್ಟು ತಲೆ ಕೆಡಿಸಿಕೊಂಡಿದ್ದರೇ! ಒಬ್ಬ ಮರದ ಹಲ್ಲು ಹಾಕಿದ್ದಾನೆ, ಇನ್ನೊಬ್ಬ ಉಕ್ಕಿನದು. ಒಬ್ಬ ಕೈಯಿಂದ ಎತ್ತಿಸುತ್ತಾನೆ, ಇನ್ನೊಬ್ಬ ಕಾಲಿಂದ, ಮತ್ತೊಬ್ಬ ಕುದುರೆಯಿಂದಲೇ. ಹಲ್ಲು ಕಲ್ಲಿಗೆ ತಾಗಿ ಮುರಿಯುತ್ತದೆ, ಕೆಳಗೆ ಬೀಳುವಾಗ ಬಡಿತಕ್ಕೆ ಕುದುರೆ ಬೆದರುತ್ತದೆ ಎಂದು ಎಲ್ಲರದೂ ದೂರು. ನಮ್ಮ ಹಾರ್ಡ್ ಡಿಸ್ಕಿನವರ ಜಗಳಗಳೆಲ್ಲ ಇವರ ಮುಂದೆ ಏನೂ ಅಲ್ಲ ಅನ್ನಿಸಿತು. ನಗುತ್ತಾ ಪುಟ ತಿರುಗಿಸುತ್ತಿದ್ದವಳು ಒಂದು ಚಿತ್ರದ ಮುಂದೆ ನಿಂತೆ.

ದಂಡದಲ್ಲಿ ಒಂದಕ್ಕಿಂತ ಒಂದು ಉದ್ದನೆಯ ಸೀಳುಗಳು. ಹಲ್ಲುಗಳು ಒಂದರ ಹಿಂದೊಂದು ಮೇಲೇಳುವುದನ್ನು ಚುಕ್ಕಿಗೆರೆಯಲ್ಲಿ ತೋರಿಸಿದ್ದಾರೆ. ಕೆಳಗೆ ಯಾರೋ ಒಬ್ಬ ರೈತನ ಸಹಿ. ಕರೀಮ್ ಸಾಹೇಬರ ತಾತ ಕೂಡ ಹುಟ್ಟಿರಲಿಕ್ಕಿಲ್ಲದ ಕಾಲದ್ದು. ಆ ಪೇಟೆಂಟಿನ ಅವಧಿ ಎಂದೋ ಮುಗಿದಿತ್ತು, ಯಾರು ಬೇಕಾದರೂ ಹಾಗೆ ರೇಕ್ ಮಾಡಿಕೊಳ್ಳಬಹುದು. ಆದರೆ ಹೊಸದೆಂದು ಹೇಳಿ ಅದಕ್ಕೆ ಹೆಸರು ಹಾಕಿಸಿಕೊಳ್ಳುವಂತಿಲ್ಲ. ನನಗೆ ನಾಚಿಕೆಯಾಯಿತು. ತಿಂದ ಖರ್ಜೂರ ನೆನಪಾಗಿ ಇನ್ನೂ ಹೆಚ್ಚು ನಾಚಿಕೆಯಾಯಿತು.

ಮೊದಲು ನಸೀಮಾಗೆ ಹೇಳಿದೆ. ಅವಳು, "ಸರ್ಚಲ್ಲಿ ಬರಲ್ಲ ಅಂದ್ರಲ್ಲ ಆಂಟಿ? ಹಾಗಾದ್ರೆ ಎಕ್ಸಾಮಿನರ್‌ಗೂ ಸಿಗಲ್ಲ. ಜಸ್ಟ್ ಫೈಲ್ ಮಾಡಿಬಿಡಿ. ಯಾರಿಗೆ ಲಾಸು?" ಎಂದಳು.

ಎಕ್ಸಾಮಿನರ್ ಎಂದರೆ ಪೇಟೆಂಟ್ ಕಚೇರಿಯಲ್ಲಿ ಅರ್ಜಿಯನ್ನು ಪರೀಕ್ಷಿಸುವ ಅಧಿಕಾರಿ. ಅರ್ಜಿಗೆ ಅಡ್ಡಬರುವಂಥದ್ದು ನಮಗೆ ಗೊತ್ತಿದ್ದರೆ ಅದನ್ನು ನಾವೇ ಅವರ ಮುಂದಿಡಬೇಕು. ಅದು ನಮ್ಮ ವೃತ್ತಿಯ ಮೊದಲ ನಿಯಮ. ಮುಚ್ಚಿಟ್ಟು ಪಡೆದ ಪೇಟೆಂಟ್ ನಿಲ್ಲುವುದೂ ಇಲ್ಲ. ಇದನ್ನೆಲ್ಲ ಅವಳಿಗೆ ವಿವರಿಸಿದೆ. ಆದರೂ ನಿಜ ಹೇಳುತ್ತೇನೆ, ಆ ಭಾನುವಾರವಿಡೀ ನನಗೂ ಅವಳ ಮಾತೇ ಕಿವಿಯಲ್ಲಿತ್ತು. ಯಾರಿಗೆ ನಷ್ಟ? ಒಬ್ಬ ಮುದುಕರ ಹೆಸರು ಒಂದು ಕಾಗದದ ಮೇಲೆ ಬಂದರೆ ಯಾರ ಗಂಟು ಹೋಗುತ್ತದೆ?

"ಅಬ್ಬಾಗೆ ನೀವೇ ಹೇಳಿ ಆಂಟಿ. ನನ್ನ ಕೈಲಾಗಲ್ಲ," ಎಂದಿದ್ದಳು. ಸೋಮವಾರ ಬೆಳಿಗ್ಗೆ ಆ ಚಿತ್ರದ ಪ್ರಿಂಟ್ ತೆಗೆದುಕೊಂಡು ರಾಂಚಿಗೆ ಹೋದೆ.

ರೋಸಾ ರೇಕಿನ ಸೀಟಿನ ಮೇಲಿದ್ದಳು, ಸಾಹೇಬರು ಬೇಲಿಯ ಪಕ್ಕ ನಿಂತು ನೋಡುತ್ತಿದ್ದರು. ನಾನು ಸುತ್ತುಬಳಸದೆ ಹೇಳಿದೆ. ತಪ್ಪು ನನ್ನದು, ಅವಸರ ಮಾಡಿದೆ, ಕ್ಷಮಿಸಿ ಎಂದೆ. ಅವರು ಕನ್ನಡಕ ಹಾಕಿಕೊಂಡು, ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಚಿತ್ರವನ್ನು ತುಂಬಾ ಹೊತ್ತು ನೋಡಿದರು. ಬೆರಳಿಂದ ಸೀಳುಗಳನ್ನು ಎಣಿಸಿದರು.

"ನಂದೇ ಇದು," ಎಂದರು. ಆಮೇಲೆ, "ಇವರೂ ಗುಡ್ಡದ ಮೇಲೇ ಇದ್ದಿರ್ಬೇಕು. ಬಯಲಲ್ಲಿ ಇದ್ದವರಿಗೆ ಇದು ಹೊಳೆಯಲ್ಲ."

ಇಷ್ಟು ಹೇಳಿ ಕಾಗದವನ್ನು ನೀಟಾಗಿ ಮಡಚಿದರು. "ಹಂಗಾದ್ರೆ ನಂದು ಅಂತ ಏನೂ ಇಲ್ಲ ಅನ್ನಿ."

ಅವರ ಮುಖ ನೋಡಲಾಗದೆ ಹೊಲದ ಕಡೆ ನೋಡಿದೆ. ಅಲ್ಲಿಯವರೆಗೆ ನಾನು ಆ ಯಂತ್ರವನ್ನು ನಸೀಮಾ ಕಳಿಸಿದ ಫೋಟೋಗಳಲ್ಲಿ ನೋಡಿದ್ದೆನೇ ಹೊರತು ಕೆಲಸ ಮಾಡುವಾಗ ಒಮ್ಮೆಯೂ ನೋಡಿರಲಿಲ್ಲ. ಮನೆಯಿಂದ ಇಪ್ಪತ್ತು ನಿಮಿಷದ ದಾರಿ! ರೋಸಾ ಪೆಡಲ್ ತುಳಿದಳು. ಹಲ್ಲುಗಳು ಸಾಲಾಗಿ ಎದ್ದವು, ಹುಲ್ಲು ಬಿತ್ತು. ಹಲ್ಲುಗಳು ಇಳಿದವು. ಪೆನ್ನಿ ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

ಏನೋ ಕಮ್ಮಿಯಾಗಿದೆ ಅನ್ನಿಸಿತು. ಎರಡನೆಯ ಸಲವೂ ನೋಡಿದೆ. ಸದ್ದು! ಹಳೆಯ ಕಾಗದಗಳಲ್ಲಿ ಒಬ್ಬೊಬ್ಬರೂ ದೂರಿದ್ದ ಆ ಬಡಿತ ಇಲ್ಲಿ ಇರಲೇ ಇಲ್ಲ. ಹಲ್ಲುಗಳು ಮೆಲ್ಲಗೆ, ಯಾರೋ ಕೈಯಲ್ಲಿ ಹಿಡಿದು ಇಳಿಸಿದಂತೆ ಇಳಿಯುತ್ತಿದ್ದವು. ಆ ರೈತನ ಚಿತ್ರದಲ್ಲಿ ಹಲ್ಲು ಎತ್ತುವುದಕ್ಕೆ ಉಪಾಯವಿತ್ತು, ಇಳಿಸುವುದಕ್ಕೆ ಏನೂ ಇರಲಿಲ್ಲ.

"ಸಾಹೇಬ್ರೇ, ಅದು ಇಳಿಯುವಾಗ ಸದ್ದೇ ಆಗುವುದಿಲ್ಲವಲ್ಲ?"

"ಅದಾ? ಹಗ್ಗ ಕಟ್ಟಿದ್ದೀನಿ."

"ಎಂಥ ಹಗ್ಗ?"

"ಹಗ್ಗ ಮೇಡಂ, ಹಗ್ಗ. ಅದೇನ್ ದೊಡ್ಡದು ಬಿಡಿ."

ರೋಸಾ ಕುದುರೆ ನಿಲ್ಲಿಸಿದ ಮೇಲೆ ಅವರು ದಂಡದ ತುದಿಗೆ ಹೊದಿಸಿದ್ದ ಗೋಣಿತಾಟು ಸರಿಸಿ ತೋರಿಸಿದರು. ಫೋಟೋದಲ್ಲಿ ಆ ಗೋಣಿಯನ್ನು ನಾನು ಧೂಳಿಗೆ ಹಾಕಿದ ಬಟ್ಟೆ ಎಂದುಕೊಂಡಿದ್ದೆ. ಕೆಳಗೆ ದಂಡಕ್ಕೆ ಎರಡು ಸುತ್ತು ಹಗ್ಗ. ಒಂದು ತುದಿ ಚೌಕಟ್ಟಿಗೆ ಬಿಗಿದಿದೆ, ಇನ್ನೊಂದು ತುದಿಗೆ ಎರಡು ಹಳೇ ಲಾಳ ಜೋತುಬಿದ್ದಿವೆ. ದಂಡ ಮೇಲಕ್ಕೆ ತಿರುಗುವಾಗ ಹಗ್ಗ ಸಡಿಲವಾಗಿ ಜಾರುತ್ತದೆ, ಕೆಳಕ್ಕೆ ತಿರುಗುವಾಗ ಬಿಗಿದು ತಡೆಯುತ್ತದೆ. ಇನ್ನೂ ನಿಧಾನ ಬೇಕಾದರೆ ಇನ್ನೊಂದು ಲಾಳ.

"ಮಗ್ಗದಲ್ಲಿ ಹಾಸಿನ ನೂಲು ಸುತ್ತಿರೋ ಉರುಳೆ ತಾನಾಗೇ ಬಿಚ್ಕೊಂಡು ಹೋಗ್ಬಾರ್ದು ಅಂತ ಹಗ್ಗ ಸುತ್ತಿ ತೂಕ ಕಟ್ಟಿರ್ತಾರೆ. ನಮ್ಮ ಮಿಲ್ಲಲ್ಲಿ ಕಸ ಗುಡಿಸೋರಿಗೂ ಗೊತ್ತಿದ್ದ ವಿಷ್ಯ."

"ಇದನ್ನು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಹೊಸದೇನು ಅಂತ ಕೇಳಿದ್ರಿ. ಇದು ಹಳೇದು."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಮಗ್ಗದಲ್ಲಿ ಹಳೆಯದು, ಸಾಹೇಬ್ರೇ. ರೇಕಿನಲ್ಲಿ ನಾನು ಎಲ್ಲೂ ಕಂಡಿಲ್ಲ ಎಂದೆ. ಈ ಸಲ ಮಾತ್ರ ದಾರಿ ಸುಗಮ ಎನ್ನಲಿಲ್ಲ. ಎರಡು ವಾರ ಸಿಕ್ಕ ಚಿತ್ರಗಳನ್ನೆಲ್ಲ ನೋಡಿ, ಆಮೇಲೆಯೇ ಅರ್ಜಿ ಹಾಕೋಣ ಎಂದು ಅವರಿಗೆ ಫೋನು ಮಾಡಿದೆ.

ಅರ್ಜಿಯಲ್ಲಿ ಆ ಹಳೆಯ ರೈತನ ಪೇಟೆಂಟನ್ನು ನಾವೇ ಮೊದಲು ಇಟ್ಟೆವು, ಮಗ್ಗದ ಹಗ್ಗವನ್ನೂ ಮರೆಮಾಚಲಿಲ್ಲ. ಎಕ್ಸಾಮಿನರ್ ಮೊದಲ ಸಲ ತಿರಸ್ಕರಿಸಿದರು. ಅದೂ ಹಳೆಯದು, ಇದೂ ಹಳೆಯದು, ಎರಡನ್ನೂ ಸೇರಿಸುವುದು ಯಾರಿಗಾದರೂ ಹೊಳೆಯುವಂಥದ್ದು ಎಂಬ ವಾದ. ನಾನು ಅವರೊಂದಿಗೆ ಫೋನಿನಲ್ಲಿ ಮಾತಾಡಿದೆ. ಹೊಳೆಯುವಂತಿದ್ದರೆ, ಬಡಿತದ ಬಗ್ಗೆ ಅಷ್ಟೊಂದು ದೂರಿದವರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತಲ್ಲ. ಹುಲ್ಲು ಬಾಚುವವರು ಉಪಾಯ ಹುಡುಕಿಕೊಂಡು ರೇಷ್ಮೆ ಮಿಲ್ಲಿಗೆ ಹೋಗುವುದಿಲ್ಲ ಎಂದೆ. ಆ ಕಡೆಯಿಂದ ಸಣ್ಣ ನಗು ಕೇಳಿಸಿತು. ಇನ್ನೂ ಎರಡು ಸಲ ಪತ್ರ ಹೋಗಿ ಬಂದ ಮೇಲೆ, ಇಳಿಸುವ ಭಾಗಕ್ಕೆ ಮಾತ್ರ ಒಪ್ಪಿದರು. ಸಾಹೇಬರು ಹೆಮ್ಮೆಪಟ್ಟಿದ್ದ ಸೀಳುಗಳು ಅವರ ಪಾಲಿಗೆ ಬರಲಿಲ್ಲ.

ನಿವೃತ್ತಳಾಗುವವರೆಗೂ ಮತ್ತೆ ಆ ಫಾರಂ ಬಳಸಲಿಲ್ಲ. ಕೆಲಸ ಬಲ್ಲವರಿಗೆ ತಮ್ಮ ಕೈಯ ಜಾಣತನ ಹಳೆಯ ಅಭ್ಯಾಸವಾಗಿ ಕಾಣುತ್ತದೆ. ಅದನ್ನು ಅವರ ಬಾಯಿಂದ ಕೇಳಲಾಗದು, ಎದುರಿಗೆ ನಿಂತು ನೋಡಬೇಕು. ಇದನ್ನು ಕಲಿಯಲು ನನಗೆ ಇಪ್ಪತ್ತೆರಡು ವರ್ಷ ಹಿಡಿಯಿತು. ಆಮೇಲೆ ಹಾರ್ಡ್ ಡಿಸ್ಕಿನವರು ಬಂದರೂ, ಮೊದಲು ಯಂತ್ರ ಓಡಿಸಿ ತೋರಿಸಿ ಎನ್ನುತ್ತಿದ್ದೆ.

ಪೇಟೆಂಟಿನ ಪ್ರತಿ ಬಂದ ದಿನ ನಾನೇ ಎವರ್‌ಗ್ರೀನ್‌ಗೆ ಹೋಗಿ ಕೊಟ್ಟೆ. ಸಾಹೇಬರು ಮೊದಲ ಪುಟದಲ್ಲಿ ತಮ್ಮ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದರು. ನಸೀಮಾ ಫೋಟೋ ತೆಗೆಯಲು ಫೋನು ಎತ್ತಿದಳು. ಅವರು ತಲೆ ಎತ್ತದೆ, "ಅವರ ಹೆಸರೆಲ್ಲಿದೆ?" ಎಂದು ಕೇಳಿದರು.

ಅದೇ ಪುಟದ ಕೆಳಗೆ, ನಾವು ಉಲ್ಲೇಖಿಸಿದ ಹಳೆಯ ಪೇಟೆಂಟುಗಳ ಪಟ್ಟಿಯಲ್ಲಿ ಆ ರೈತನ ಹೆಸರನ್ನು ತೋರಿಸಿದೆ. ಅವರು ಅದನ್ನು ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ ಕಾಗದವನ್ನು ಮಗಳ ಕಡೆ ತಿರುಗಿಸಿ, ಎರಡೂ ಹೆಸರು ಕಾಣುವಂತೆ ಹಿಡಿದರು.

"ಎತ್ತೋದು ಅವರ್ದು," ಎಂದರು, "ಇಳಿಸೋದು ನಂದು. ಈಗ ತೆಗಿ."