ಅತ್ತೆಯ ಲ್ಯಾಪ್‌ಟಾಪಿನಲ್ಲಿ ಸಿಕ್ಕ ತಪ್ಪು

ಔಷಧಿ ಅಂಗಡಿಯಲ್ಲಿ ದಿನವೆಲ್ಲ ನಿಂತು ಡಾಕ್ಟರ ಚೀಟಿ ಓದುವ ಅವಳಿಗೆ ಇನ್ನೊಂದು ಕಡೆ ಹೊಸಿಲಕ್ಕ ಎಂದು ಹೆಸರು. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ, ಯಾರು ಬೇಕಾದರೂ ಸೇರಿ ತಿದ್ದಬಹುದಾದ ಮುಕ್ತ ತಂತ್ರಾಂಶವೊಂದಿದೆ. ಅದನ್ನು ಬರೆಯುವವರು ನಲವತ್ತು ಜನ. ಒಬ್ಬರ ಮುಖ ಒಬ್ಬರು ಕಂಡಿಲ್ಲ, ಸಂಬಳವೂ ಇಲ್ಲ. ಒಬ್ಬರ ಕಂಪ್ಯೂಟರಿನಲ್ಲಿ ಓಡಿದ್ದು ಇನ್ನೊಬ್ಬರದರಲ್ಲಿ ಮುಗ್ಗರಿಸಬಾರದೆಂದು, ಎಲ್ಲರಿಗೂ ಒಂದೇ ಸಲಕರಣೆ, ಒಂದೇ ಜೋಡಣೆ ತಾನಾಗಿ ಬಂದು ಕೂರುವಂತೆ ಸೆಟಪ್ ಫೈಲು ಬರೆದಿಟ್ಟವಳು ಅವಳು. ಹೊಸಬರು ಆ ಹೊಸಿಲು ದಾಟಿಯೇ ಒಳಗೆ ಬರಬೇಕು.

ಹೊಸಿಲು ಸವೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳು ಮಾತ್ರ ಪ್ರತಿ ಭಾನುವಾರ ಬೆಳಿಗ್ಗೆ, ಬಟ್ಟೆ ಒಣಹಾಕಿ ಬಂದು, ತನ್ನ ಲ್ಯಾಪ್‌ಟಾಪಿನಿಂದ ಆ ಜೋಡಣೆಯನ್ನೆಲ್ಲ ಅಳಿಸುತ್ತಿದ್ದಳು. ಆಮೇಲೆ ಏನೂ ತಿಳಿಯದವಳಂತೆ, ತಾನೇ ಬರೆದ ಸೂಚನೆಗಳನ್ನು ಬೆರಳಿಟ್ಟು ಓದಿಕೊಂಡು, ಮತ್ತೆ ಜೋಡಿಸುತ್ತಿದ್ದಳು. ಆರು ವರ್ಷದಿಂದ ಹೀಗೆ.

ಆ ವಾರ ಹೊಸದಾಗಿ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ದೃಷ್ಟಿ ಮಂಜಾಗುತ್ತಿದ್ದುದರಿಂದ ಅವರಿಗೇ ಆ ತಂತ್ರಾಂಶ ಬೇಕಾಗಿತ್ತು. ಅದು ವಾಕ್ಯ ಮುಗಿದರೂ ನಿಲ್ಲದೆ ಒಂದೇ ಉಸಿರಿಗೆ ಓದುತ್ತದೆಂದು, ಅಲ್ಲಲ್ಲಿ ಉಸಿರು ಎಳೆದುಕೊಳ್ಳುವುದನ್ನು ಅದಕ್ಕೆ ಕಲಿಸಲು ಒಂದೆರಡು ಸಾಲು ಬರೆದಿಟ್ಟುಕೊಂಡಿದ್ದರು. ಆದರೆ ಮೂರು ದಿನದಿಂದ ಸೆಟಪ್ ಕೊನೆಯ ಹಂತದಲ್ಲಿ ನಿಂತುಬಿಡುತ್ತಿತ್ತು: ಧ್ವನಿಯ ಫೈಲು ಸಿಗಲಿಲ್ಲ. "ನನ್ನಲ್ಲಿ ಸರಿಯಾಗೇ ಬರ್ತಿದೆ ಮೇಷ್ಟ್ರೇ, ನಿಮ್ಮ ಲ್ಯಾಪ್‌ಟಾಪ್ ಒಮ್ಮೆ ನೋಡಿ" ಎಂದು ಅವಳು ಬರೆದಿದ್ದಳು.

ಭಾನುವಾರ ಬೆಳಿಗ್ಗೆ ಉತ್ತರ ಬಂತು. "ಇವತ್ತು ಕೊನೇ ಸಲ ನೋಡ್ತೀನಮ್ಮ. ಆಗ್ಲಿಲ್ಲ ಅಂದ್ರೆ ಇದು ನನ್ನ ವಯಸ್ಸಿನವರ ಕೆಲಸ ಅಲ್ಲ ಅಂತ ಸುಮ್ಮನಾಗ್ತೀನಿ."

ಆ ಮಾತು ಮುಳ್ಳಿನಂತೆ ಕೂತಿತು. ಅಳಿಸಿದಳು, ಜೋಡಿಸಿದಳು. ಸರಿಯಾಗೇ ಬಂತು. ಮತ್ತೆ ಮಾಡಿದಳು. ಮತ್ತೆ ಬಂತು. ಅಷ್ಟರಲ್ಲಿ ಕಿಟಕಿಯ ಬಳಿ ಕೂತಿದ್ದ ಅತ್ತೆಯ ಲ್ಯಾಪ್‌ಟಾಪ್ ಕಣ್ಣಿಗೆ ಬಿತ್ತು. ಧಾರಾವಾಹಿ ಬಿಟ್ಟರೆ ಬೇರೇನನ್ನೂ ಕಾಣದ ಯಂತ್ರ.

"ಅತ್ತೆ, ಅರ್ಧ ಗಂಟೆ ಕೊಡ್ತೀರಾ?"

"ಕಳೆದುಹೋದ ಮಗಳು ಈಗಷ್ಟೇ ಬಾಗಿಲು ತಟ್ತಿದಾಳೆ ಕಣೇ!"

"ಇಲ್ಲೂ ಒಬ್ರು ತಟ್ತಿದಾರೆ ಅತ್ತೆ. ಮೂರು ದಿನ ಆಯ್ತು."

ಅತ್ತೆ ಅವಳ ಮುಖ ನೋಡಿದರು. ಧಾರಾವಾಹಿಯ ಆ ಮಗಳನ್ನು ಬಾಗಿಲಲ್ಲೇ ಬಿಟ್ಟು ಲ್ಯಾಪ್‌ಟಾಪ್ ಕೊಟ್ಟರು.

ಸೆಟಪ್ ಓಡಿತು. ಕೊನೆಯ ಹಂತದಲ್ಲಿ ಕೆಂಪಕ್ಷರ: ಧ್ವನಿಯ ಫೈಲು ಸಿಗಲಿಲ್ಲ.

"ಬಂತು! ತಪ್ಪು ಬಂತು ಅತ್ತೆ!"

"ಕೆಟ್ಟುಹೋಯ್ತು ಅಂತ ಕುಣಿಯೋಳನ್ನ ಇವತ್ತೇ ನೋಡಿದ್ದು. ನನ್ನ ಧಾರಾವಾಹಿ ಇದೆ ತಾನೇ?"

ದೀಪದ ಬುಡದಲ್ಲೇ ಕತ್ತಲೆ. ಹಿಂದಿನ ತಿಂಗಳು ಹೊಸ ಧ್ವನಿಯನ್ನು ಪರೀಕ್ಷಿಸುವಾಗ ಅವಳೂ ಉಳಿದ ಹಳಬರೂ ಆ ಫೈಲನ್ನು ಕೈಯಾರೆ ತಂದಿಟ್ಟುಕೊಂಡಿದ್ದರು. ಅದನ್ನು ತರುವಂತೆ ಸೆಟಪ್‌ಗೆ ಹೇಳುವುದನ್ನೇ ಅವಳು ಮರೆತಿದ್ದಳು. ಭಾನುವಾರ ಎಷ್ಟು ಅಳಿಸಿದರೂ, ಅವಳ ಲ್ಯಾಪ್‌ಟಾಪಿನ ಬೇರೆ ಮೂಲೆಯಲ್ಲಿದ್ದ ಆ ಫೈಲು ಹಾಗೇ ಉಳಿದಿತ್ತು. ಆಮೇಲೆ ಬಂದ ಮೊದಲ ಹೊಸಬರು ಮೇಷ್ಟ್ರೇ.

ಒಂದು ಸಾಲು ಸೇರಿಸಿದಳು. ಸದ್ದಿಲ್ಲದೆ ತಿದ್ದಿ ಕೈತೊಳೆದುಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ನಲವತ್ತು ಜನಕ್ಕೂ ಬರೆದಳು: "ತಪ್ಪು ಮೇಷ್ಟ್ರದಲ್ಲ, ಅವರ ಲ್ಯಾಪ್‌ಟಾಪಿನದೂ ಅಲ್ಲ. ನನ್ನದು. ಮೂರು ದಿನ ಅವರನ್ನು ಹೊರಗೆ ನಿಲ್ಲಿಸಿದ್ದೆ."

ಬಟ್ಟೆ ಒಣಗಿದವು. ಅವಳು ಮಡಚುತ್ತಿದ್ದಾಗ ಮೇಷ್ಟ್ರಿಂದ ಮಾತಿನ ಬದಲು ಒಂದು ಆಡಿಯೋ ಬಂತು. ತಂತ್ರಾಂಶದ ಧ್ವನಿ ಒಂದು ವಾಕ್ಯ ಓದಿತು. ನಿಂತಿತು. ಮುಂದಿನದಕ್ಕೆ ಹೋಯಿತು.

"ಪರವಾಗಿಲ್ಲ, ಉಸಿರು ತಗೊಂಡು ಓದ್ತಾನೆ" ಎಂದರು ಅತ್ತೆ. "ಮುಂದಿನ ವಾರವೂ ನನ್ನ ಲ್ಯಾಪ್‌ಟಾಪ್ ಬೇಕೇನೇ?"

"ಇನ್ಮೇಲೆ ಪ್ರತಿ ಭಾನುವಾರ ಬೇಕು ಅತ್ತೆ."

"ಹಾಗಾದ್ರೆ ಆ ಮಗಳನ್ನ ಶನಿವಾರವೇ ಒಳಗೆ ಕರ್ಕೊಂಡುಬಿಡ್ತೀನಿ."