ಲಂಕೆಯಲ್ಲಿ ಕಲಿತ ಇಂಗ್ಲಿಷ್

ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಕಲಿಸಿದೆ ಎಂದು ನಾನು ಹೇಳುತ್ತೇನೆ. ಕಲಿತೆವು ಎಂದು ಹೇಳುವವರು ಇನ್ನೂ ಸಿಕ್ಕಿಲ್ಲ. ನನ್ನ ಯಜಮಾನರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಒಳಗಿನ ಬೀಜದ ಸಪ್ಪಳದ ಮೇಲೆ ಅದು ಎಷ್ಟು ಒಣಗಿದೆ ಎಂದು ಹೇಳಬಲ್ಲರು. ಮನುಷ್ಯರನ್ನೂ ಹಾಗೆಯೇ ಅಲುಗಿಸಿ ನೋಡಿ ಹೇಳಬಲ್ಲೆ ಎಂಬುದು ಅವರ ನಂಬಿಕೆ. ಅವರ ಈ ನಂಬಿಕೆ, ನನ್ನ ಇಂಗ್ಲಿಷ್, ಎರಡನ್ನೂ ಗಂಟು ಕಟ್ಟಿಕೊಂಡು ನಾವು ಶ್ರೀಲಂಕೆಗೆ ಹೋದೆವು.

ಅಲ್ಲಿಯವರೆಗೆ ನಮ್ಮ ದೂರದ ಪ್ರಯಾಣವೆಂದರೆ ಒಂದೋ ಯಾರದಾದರೂ ಮದುವೆ, ಇಲ್ಲವೇ ಹರಕೆ. ಸುಮ್ಮನೆ ನೋಡಲಿಕ್ಕೆಂದು ಊರು ಬಿಟ್ಟವರು ನಮ್ಮ ಮನೆತನದಲ್ಲೇ ಇರಲಿಲ್ಲ. ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮನೆಯಲ್ಲಿ ಕುಳಿತು ಇದನ್ನೇ ನೋಡಬೇಕಲ್ಲ ಎಂದು ನನಗೆ ಸಿಟ್ಟು ಬಂದಿತು. ನಾಲ್ಕೂ ಕಡೆ ಸಮುದ್ರ ಇರುವ ಊರಿಗೆ ಹೋಗಬೇಕು ಎಂದು ಹಟ ಹಿಡಿದೆ. ಸುತ್ತ ನೀರು ನೋಡುವುದಾದರೆ ಮಳೆಗಾಲದಲ್ಲಿ ವರದೆ ತುಂಗಭದ್ರೆ ಕೂಡುವ ಗಳಗನಾಥಕ್ಕೆ ಹೋದರೆ ಸಾಕು ಎಂದರು ಯಜಮಾನರು. ಹಾವೇರಿಯಲ್ಲಿರುವ ನನ್ನ ಅಕ್ಕನಂತೂ, ಸುಟ್ಟ ಊರು ನೋಡಲು ಅಷ್ಟು ದೂರ ಯಾಕೆ ಎಂದು ಕೇಳಿದಳು.

ಆದರೂ ನಮ್ಮನ್ನು ಕಳಿಸಿಕೊಡಲು ಅವಳೇ ಬ್ಯಾಡಗಿಗೆ ಬಂದಳು. ಯಜಮಾನರು ಅವಸರದಲ್ಲಿ ಒಂದು ಕಾಲು ಕಾರಿನೊಳಗಿಟ್ಟು "ಹೋಗ್ತೀವ್ರಿ" ಅಂದುಬಿಟ್ಟರು. ಅಕ್ಕನ ಮುಖ ಸಪ್ಪಗಾಯಿತು. ಅವರನ್ನು ಕೆಳಗಿಳಿಸಿ, ಕಟ್ಟೆಯ ಮೇಲೆ ಕೂಡಿಸಿ, ಒಂದು ತಂಬಿಗೆ ನೀರು ಕುಡಿಸಿದಳು. "ಹೋಗ್ತೀವಿ ಅನ್ನೂದು ಹೋಗೇಬಿಡೂರ ಮಾತು. ಹೋಗಿ ಬರ್ತೀವಿ ಅನ್ರಿ," ಎಂದು ತಿದ್ದಿದಳು. ಅರವತ್ತು ದಾಟಿದ ದಲಾಲರು ಒಂದನೇ ಇಯತ್ತೆಯ ಹುಡುಗನ ಹಾಗೆ ತಿದ್ದಿ ಹೇಳಿದ ಮೇಲೆಯೇ ಕಾರು ಹೊರಟಿತು. ಹಾವೇರಿಯಲ್ಲಿ ರೈಲು ಹಿಡಿಯಲು ನಾವು ಓಡಬೇಕಾಯಿತು.

ಕೊಲಂಬೊದ ವಿಮಾನ ನಿಲ್ದಾಣದಲ್ಲಿ ನಮ್ಮ ಹೆಸರಿನ ಹಲಗೆ ಹಿಡಿದು ಡ್ರೈವರ್ ನಿಂತಿದ್ದ. ನಲವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಆರು ದಿನ ಅವನೇ ನಮಗೆ ದ್ವೀಪ ತೋರಿಸುವವನು. ನಾನು ಇಂಗ್ಲಿಷ್ ಟೀಚರ್ ಎಂದು ಗೊತ್ತಾದ ಕೂಡಲೇ ಅವನ ಕಣ್ಣು ಅರಳಿದವು. ತನ್ನದೇ ಮುರುಕು ಇಂಗ್ಲಿಷಿನಲ್ಲಿ ವಿಷಯ ತಿಳಿಸಿದ: ಪ್ರವಾಸ ಮುಗಿದ ಮೇಲೆ ಕಂಪನಿಯವರು ನಮ್ಮ ಫೋನಿಗೆ ಒಂದು ಫಾರ್ಮು ಕಳಿಸುತ್ತಾರೆ. ಡ್ರೈವರನ ಬಗ್ಗೆ ನಾವು ಬರೆಯಬೇಕು. ವರ್ಷದಲ್ಲಿ ಎರಡು ಕೆಟ್ಟ ಬರಹ ಬಂದರೆ ಕೆಲಸ ಹೋಯಿತು. ಅವನ ಮೇಲೆ ಆಗಲೇ ಒಂದು ಬಂದಿತ್ತು. ಯಾರೋ ಗಂಡ ಹೆಂಡತಿ ಐದು ದಿನ ಮಳೆ ಹಿಡಿದದ್ದಕ್ಕೆ ಇವನ ಮೇಲೆ ಬರೆದಿದ್ದರಂತೆ. ಮನೆಯಲ್ಲಿ ಓದುವ ಹೆಣ್ಣುಮಕ್ಕಳಿಬ್ಬರು. ಟೀಚರ್ ಕೈಯಿಂದ ನಾಲ್ಕು ಒಳ್ಳೆಯ ಮಾತು ಬಿದ್ದರೆ ಉಳಿದುಕೊಳ್ಳುತ್ತೇನೆ ಎಂದ. ಕಂಪನಿಯವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು, ಅಂಥ ಇಂಗ್ಲಿಷ್ ಬರೆಯುತ್ತೇನೆ ಎಂದು ನಾನು ಅಭಯ ಕೊಟ್ಟೆ.

ಯಜಮಾನರು ಮಾತ್ರ ಮೊದಲನೆಯ ದಿನದಿಂದಲೇ ಅವನನ್ನು ಅಲುಗಿಸಿ ನೋಡಲು ಶುರು ಮಾಡಿದರು. ಫೋನಿನಲ್ಲಿ ನಕಾಶೆ ತೆರೆದು ಹಿಡಿದು, ಅವನು ಎಡಕ್ಕೆ ಹೊರಳಿದರೆ ಬಲಕ್ಕೆ ಯಾಕಲ್ಲ ಎಂದು ನನ್ನನ್ನು ಕೇಳುವರು. ಚಹಾದ ಅಂಗಡಿಯ ಮುಂದೆ ಗಾಡಿ ನಿಂತರೆ ಕಮಿಷನ್. ಬುದ್ಧನ ಗುಡಿಯ ಮುಂದೆ ನಿಂತರೂ ಕಮಿಷನ್. ಇಡೀ ಜನ್ಮ ದಲಾಲಿಯಲ್ಲಿ ತೆಗೆದವರಿಗೆ ಇನ್ನೊಬ್ಬರ ದಲಾಲಿಯ ವಾಸನೆ ಬಹಳ ಬೇಗ ಬಡಿಯುತ್ತದೆ. ಅವನಲ್ಲಿ ಅವರು ಮೆಚ್ಚಿದ್ದು ಒಂದೇ: ಗಾಡಿ ನಡೆಸುವಾಗ ಫೋನು ಬಂದರೆ ಎತ್ತುತ್ತಿರಲಿಲ್ಲ. ನಮ್ಮ ಕಡೆಯ ಡ್ರೈವರ್‌ಗಳು ಇದನ್ನು ನೋಡಿ ಕಲಿಯಬೇಕು ಎಂದು ದಿನಕ್ಕೆ ಎರಡು ಸಲ ಹೇಳುತ್ತಿದ್ದರು.

ಕ್ಯಾಂಡಿಯ ಹಾದಿಯಲ್ಲಿ ಮರದ ಕೆಳಗೆ ನಮ್ಮ ಬುತ್ತಿ ಬಿಚ್ಚಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಕೈಗೆಟಕುವ ಕಡೆಯೆಲ್ಲ ಹಣ್ಣು ತೂಗುವ ನಾಡಿಗೆ ಹೋಗಿ ನಾವು ತಿಂದದ್ದು ಬ್ಯಾಡಗಿಯ ರೊಟ್ಟಿ. ಡ್ರೈವರನಿಗೂ ಕೊಟ್ಟೆವು, ಕರುಂ ಕುರುಂ ಎಂದು ಸಂತೋಷದಿಂದ ತಿಂದ. ಆಗ ಯಜಮಾನರಿಗೆ ಊರಿನ ಅಭಿಮಾನ ಉಕ್ಕಿತು. ಚೀಲದಿಂದ ಒಂದು ಪೊಟ್ಟಣ ಮೆಣಸಿನಕಾಯಿ ತೆಗೆದು, ಜಗತ್ತಿನಲ್ಲೇ ಇಂಥ ಕಾಯಿ ಇಲ್ಲ ಎಂದು ನನ್ನಿಂದ ಇಂಗ್ಲಿಷಿನಲ್ಲಿ ಹೇಳಿಸಿ, ಅವನ ಕೈಗಿಟ್ಟರು. ಅವನು ಅಲ್ಲೇ ಒಂದನ್ನು ಮುರಿದು ಶೇಂಗಾ ತಿಂದಷ್ಟು ಸಲೀಸಾಗಿ ಅಗಿದ. "ನೈಸ್ ಕಲರ್, ಸರ್. ವೆರಿ ಸ್ವೀಟ್," ಎಂದ.

ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಊರಿನ ಎಮ್ಮೆಗಳಿಗೂ ಗೊತ್ತು. ಆದರೆ ಹೊರಗಿನವರು ಅದನ್ನು ಬಾಯಿಬಿಟ್ಟು ಹೇಳಬಾರದು. ಯಜಮಾನರು ಕ್ಯಾಂಡಿ ಮುಟ್ಟುವವರೆಗೆ ಸಿಟ್ಟಿನಿಂದ ನಕಾಶೆಯಲ್ಲೇ ಮುಖ ಹುದುಗಿಸಿಕೊಂಡು ಕುಳಿತರು. ಆ ಸಿಟ್ಟು ಎಲ್ಲೋ ಒಳಗೆ ಕುಳಿತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ನನ್ನ ತಕರಾರು ಬೇರೆ. ಎಲ್ಲಿ ಇಳಿಸಿದರೂ ಅವನು ಎರಡೂ ಕೈ ಮುಗಿದು "ಐ ಗೋ ಆ್ಯಂಡ್ ಕಮ್, ಮೇಡಂ" ಎನ್ನುತ್ತಿದ್ದ. ಗಾಡಿಯನ್ನು ನೆರಳಿಗೆ ಹಚ್ಚಿ ಹತ್ತು ನಿಮಿಷದಲ್ಲಿ ಹಾಜರಾಗುತ್ತಿದ್ದ. ಸಂಜೆ ಹೋಟೆಲಿಗೆ ಬಿಟ್ಟಾಗಲೂ ಅದೇ ಮಾತು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದ. ಎರಡನೇ ದಿನ ನನಗೆ ತಡೆಯಲಾಗಲಿಲ್ಲ. ಹಾಗೆ ಹೇಳುವುದು ಇಂಗ್ಲಿಷ್ ಅಲ್ಲ, ಭವಿಷ್ಯತ್ ಕಾಲ ಬೇಕು, "ಐ ವಿಲ್ ಬಿ ಬ್ಯಾಕ್" ಎನ್ನಬೇಕು ಎಂದು ಆನೆಗಳನ್ನು ನೋಡಲು ಹೋದಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದೆ. ಅವನು ತಲೆಯಾಡಿಸಿ ಕೇಳಿದ. ಹೋಗುವಾಗ ಮತ್ತೆ "ಐ ಗೋ ಆ್ಯಂಡ್ ಕಮ್" ಎಂದು ಹೋದ. ನನ್ನ ವಿದ್ಯಾರ್ಥಿಗಳೂ ಹೀಗೇ.

ಕೊನೆಯ ದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿಗೆ ತಂದು ಬಿಟ್ಟ. ನಮ್ಮ ವಿಮಾನ ಸಂಜೆಗೆ. ಚೀಲಗಳನ್ನು ಒಳಗಿಟ್ಟು, ಹೆಂಡತಿ ಮಾಡಿದ್ದೆಂದು ಕೊಬ್ಬರಿ ಮಿಠಾಯಿಯ ಡಬ್ಬಿಯೊಂದನ್ನು ನನ್ನ ಕೈಗೆ ಕೊಟ್ಟ. ದಿನಾ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಕೈ ಮುಗಿದು ನಿಂತ. "ಐ ಗೋ ಆ್ಯಂಡ್ ಕಮ್, ಮೇಡಂ," ಎಂದ. ನಾನು ಆಗ ಫೋನಿನಲ್ಲಿ ಅಕ್ಕನಿಗೆ ಆನೆಯ ಫೋಟೊ ಕಳಿಸುತ್ತಿದ್ದೆ. ತಲೆ ಎತ್ತದೆಯೇ ಓಕೆ ಓಕೆ ಎಂದೆ.

ಮಧ್ಯಾಹ್ನದ ಊಟ ಮುಗಿಸಿ ಚೀಲಗಳ ಸಮೇತ ಬಾಗಿಲ ಬಳಿ ಕುಳಿತೆವು. ಒಂದು ತಾಸಾಯಿತು, ಎರಡಾಯಿತು, ಅವನು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಆರು ದಿನ ಮೆಚ್ಚಿಕೊಂಡಿದ್ದ ಗುಣವೇ ಈಗ ಕಳ್ಳತನದ ಲಕ್ಷಣವಾಗಿ ಕಂಡಿತು. ಹೋಟೆಲಿನ ಮ್ಯಾನೇಜರ್ ಎರಡು ಸಲ ಬಂದು ಕಾರು ತಯಾರಿದೆ ಎಂದು ಹೇಳಿದ. ಇವನೊಬ್ಬ ಗಿರಾಕಿ ಹಿಡಿಯುವವನು ಎಂದುಕೊಂಡು, ನಮ್ಮ ಡ್ರೈವರ್ ಬರುತ್ತಾನೆ ಎಂದು ಇಬ್ಬರೂ ಸೇರಿ ಅವನನ್ನು ಅಟ್ಟಿದೆವು. ಮೂರನೇ ಸಲ ಅವನು ಗಡಿಯಾರ ತೋರಿಸಿದಾಗ ಚೀಲ ಎತ್ತಿಕೊಂಡೆವು. ಅದೇ ಕಾರಿನಲ್ಲಿ ಬಿದ್ದೆವೋ ಎದ್ದೆವೋ ಎಂದು ಓಡಿದೆವು. ದೊಡ್ಡ ಚೀಲದ ಗಾಲಿಯೊಂದು ವಿಮಾನ ನಿಲ್ದಾಣದ ಬಾಗಿಲಲ್ಲೇ ಕಿತ್ತುಹೋಯಿತು.

"ಕಾಯಿ ಕೆಂಪಗಿತ್ತು, ಒಳಗ ಹುಳ ಇತ್ತು ನೋಡು," ಎಂದರು ಯಜಮಾನರು, ಏದುಸಿರು ಬಿಡುತ್ತ. ಅವರ ದನಿಯಲ್ಲಿ ಗೆದ್ದ ಸಮಾಧಾನವೂ ಇತ್ತು.

ವಿಮಾನಕ್ಕೆ ಕಾಯುವಾಗ ಕಂಪನಿಯ ಫಾರ್ಮು ಬಂದಿತು. ಯಜಮಾನರು ಕನ್ನಡದಲ್ಲಿ ಬೈದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಹೇಳಿದ ಮಾತಿಗೆ ನಿಲ್ಲದವನು, ಮರಳಿ ಬರುತ್ತೇನೆಂದು ನಂಬಿಸಿ ವಯಸ್ಸಾದವರನ್ನು ಕೈಬಿಟ್ಟು ಹೋದವನು ಎಂದು ನಾಲ್ಕು ವಾಕ್ಯ. ಒಂದು ಸ್ಪೆಲಿಂಗ್ ತಪ್ಪಿಲ್ಲ, ಒಂದು ಅಲ್ಪವಿರಾಮ ಜಾಗ ಬಿಟ್ಟಿಲ್ಲ. ಬರೆಯುವಾಗ ಬಾಯಲ್ಲಿ ಅವನ ಹೆಂಡತಿಯ ಕೊಬ್ಬರಿ ಮಿಠಾಯಿ ಇತ್ತು. ಇದು ಅವನಿಗೆ ಎರಡನೆಯದು ಎಂಬುದು ನನಗೆ ನೆನಪಿತ್ತು. ನೆನಪಿದ್ದೂ ಬರೆದೆ.

ಊರಿಗೆ ಬಂದ ಮೇಲೆ ಯಜಮಾನರು ಮಾರುಕಟ್ಟೆಯಲ್ಲೆಲ್ಲ ಲಂಕೆಯ ವರ್ಣನೆ ಮಾಡಿದರು. ಸಮುದ್ರಕ್ಕೆ ಒಂದು ಮಾತು, ಆನೆಗೆ ಒಂದು ಮಾತು, ಡ್ರೈವರನ ಮೋಸಕ್ಕೆ ಅರ್ಧ ತಾಸು. ನಾಲ್ಕನೇ ದಿನ ಅಕ್ಕ ಹಾವೇರಿಯಿಂದ ಬಂದಳು. ಅವಳಿಗೂ ಅದೇ ಕತೆ ಆಯಿತು. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಗೇಟಿನ ಹೊರಗೆ ನಿಂತು "ಹೋಗಿ ಬರ್ತೇನಿ" ಎಂದಳು. ಯಜಮಾನರು "ಹೋಗಿ ಬರ್ರಿ" ಎಂದು ಗೇಟು ಹಾಕಿ ಚಿಲಕ ಜಡಿದರು.

ನಾನು ಅಂಗಳದಲ್ಲೇ ನಿಂತುಬಿಟ್ಟೆ. ಅಕ್ಕ ಎಷ್ಟು ಗಂಟೆಗೆ ಬರುತ್ತಾಳೆಂದು ನಾವು ಯಾರೂ ಗಡಿಯಾರ ನೋಡಲಿಲ್ಲ. ಅವಳಿಗಾಗಿ ಚೀಲ ಹಿಡಿದುಕೊಂಡು ಬಾಗಿಲಲ್ಲಿ ಕೂಡಲಿಲ್ಲ.

"ರೀ, ಅವ ಹೋಗಿ ಬರ್ತೇನಿ ಅಂದಿದ್ದ," ಎಂದೆ.

ಯಜಮಾನರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಒಳಗೆ ಹೋಗಿ ಪ್ರವಾಸದ ಫೈಲು ತಂದರು. ಕಳೆದುಹೋದೀತೆಂದು ಆರು ದಿನ ಅದನ್ನು ಅವರು ನನ್ನ ಕೈಗೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ, ಇಷ್ಟು ಸಾದಾ ಇಂಗ್ಲಿಷನ್ನು ನಾನು ಓದುತ್ತಿದ್ದೆನೋ ಇಲ್ಲವೋ. ಕೊನೆಯ ಸಾಲಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು: ಹೋಟೆಲ್ ಮುಟ್ಟಿಸಿದಲ್ಲಿಗೆ ಡ್ರೈವರನ ಕೆಲಸ ಮುಗಿಯಿತು, ವಿಮಾನ ನಿಲ್ದಾಣಕ್ಕೆ ಹೋಟೆಲಿನದೇ ಕಾರು.

ಅಂದೇ ಕಂಪನಿಗೆ ಬರೆದೆ. ತಪ್ಪು ನಮ್ಮದು, ಅವನದಲ್ಲ ಎಂದು ಉದ್ದಕ್ಕೆ ಬರೆದೆ. ಮರುದಿನ ಉತ್ತರ ಬಂದಿತು: ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದ, ಸೂಕ್ತ ಕ್ರಮವನ್ನು ಈಗಾಗಲೇ ಕೈಗೊಳ್ಳಲಾಗಿದೆ. ಆ ಇಂಗ್ಲಿಷಿನಲ್ಲೂ ಒಂದು ತಪ್ಪಿರಲಿಲ್ಲ.

ಡ್ರೈವರನಿಗೆ ಫೋನು ಮಾಡಿದೆ. ಈ ಸಲ ಕೂಡಲೇ ಎತ್ತಿದ, ಗಾಡಿ ನಡೆಸುತ್ತಿರಲಿಲ್ಲ. ಭಾವಮೈದುನನ ಮೀನಿನ ಅಂಗಡಿಯಲ್ಲಿ ತೂಕ ಮಾಡುತ್ತಿದ್ದೇನೆ ಎಂದ. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ನೀನು ಕೊಟ್ಟ ಮಾತು ತಪ್ಪಿದೆ ಎಂದು ನಾವು ತಿಳಿದೆವು ಎಂದು ಹೇಳಿದೆ. ಅದು ಮಾತು ಕೊಟ್ಟದ್ದಲ್ಲ ಮೇಡಂ, ನಮ್ಮ ಜನ ಬಿಟ್ಟು ಹೊರಡುವಾಗ ಹಾಗೆಯೇ ಹೇಳುತ್ತಾರೆ ಎಂದ. ನಮ್ಮ ಜನವೂ ಹಾಗೆಯೇ ಹೇಳುತ್ತಾರೆ ಎಂದೆ.

ಹಾಗಾದರೆ ನೀವು ಯಾಕೆ ಕಾದಿರಿ ಎಂದು ಕೇಳಿದ.

ನೀನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆಯಲ್ಲ, ಅದಕ್ಕೆ. ಇದೇ ಖರೆ ಉತ್ತರ. ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಕಂಪನಿಗೆ ಮತ್ತೊಮ್ಮೆ ಬರೆಯುತ್ತೇನೆ ಎಂದು ಏನೇನೋ ಹೇಳಿದೆ. ಅವನು ಬೇಡ ಎಂದ. ನೀವು ಕೊಟ್ಟ ಮೆಣಸಿನಕಾಯಿಯಿಂದ ಸಾರಿನ ಬಣ್ಣ ಬಹಳ ಚೆನ್ನಾಗಿ ಬಂದಿತು ಎಂದು ಸರ್‌ಗೆ ತಿಳಿಸಲು ಹೇಳಿದ. ಅಷ್ಟರಲ್ಲಿ ಯಾರೋ ಅವನನ್ನು ಕೂಗಿದರು.

"ಓಕೆ, ಮೇಡಂ. ಐ ಗೋ," ಎಂದ.

ಮುಂದಿನ ಎರಡು ಶಬ್ದಕ್ಕಾಗಿ ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ. ಅವನು ಇಟ್ಟುಬಿಟ್ಟಿದ್ದ. ಏನಂದ ಎಂದು ಯಜಮಾನರು ಎರಡು ಸಲ ಕೇಳಿದರು. ಈ ಸಲ ಅವನ ಇಂಗ್ಲಿಷಿನಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.