ಲೂಪಿಗೆ ಅತ್ತೆಯ ಒಪ್ಪಿಗೆ

ಮೊದಲ ಹೆರಿಗೆಯಲ್ಲಿ ನಾನು ಉಳಿದದ್ದೇ ಹೆಚ್ಚು. ಆಗ ನನಗೆ ಇಪ್ಪತ್ತು ವರ್ಷ. ರಕ್ತ ಹೋಗಿ ಸುಣ್ಣದಂತಾಗಿದ್ದ ನನಗೆ ಡಾಕ್ಟರಮ್ಮ, ಮೂರು ವರ್ಷ ಇನ್ನೊಂದು ಬಸಿರು ಬೇಡ, ನಿಂತರೆ ಜೀವಕ್ಕೇ ಅಪಾಯ ಎಂದಿದ್ದರು. ಅತ್ತೆಗೆ ಹೇಳಿದೆ.

"ಡಾಕ್ಟ್ರ್ ಹಾಂಗೇ ಹೇಳುದ್. ನಾ ಎಂಟ್ ಹೆತ್ತವ್ಳ್. ಸತ್ನಾ?"

ಅಲ್ಲಿಗೆ ಮುಗಿಯಿತು. ಯಜಮಾನರು ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ಬೊಂಬಾಯಿಯ ಹೋಟೆಲಿಗೆ ಹಿಂತಿರುಗಿ ಹತ್ತು ತಿಂಗಳಾಗಿತ್ತು. ಬರುವ ತಿಂಗಳು ರಜೆಯಲ್ಲಿ ಬರುವವರಿದ್ದರು. ಬೇರೆ ಹೆಂಡಂದಿರು ಗಂಡ ಬರುವನೆಂದು ಮಲ್ಲಿಗೆ ಕಟ್ಟುತ್ತಾರೆ. ನಾನು ನನ್ನ ತಿಥಿಗೆ ಯಾರು ಯಾರು ಬಂದಾರು ಎಂದು ಯೋಚಿಸುತ್ತಿದ್ದೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ಪಳಗಿದವಳು.

ಬಸಿರು ನಿಲ್ಲದಂತೆ ತಡೆಯುವ ಲೂಪ್ ಎಂಬುದು ಬಂದಿದೆ, ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ ಎಂದು ರೇಡಿಯೋದಲ್ಲಿ ಕೇಳಿದ್ದೆ. ಕುಂದಾಪುರಕ್ಕೆ ಹೋದರೆ ನೆಂಟರ ಕಣ್ಣಿಗೆ ಬೀಳುತ್ತೇನೆಂದು, ಹಲ್ಲುನೋವಿನ ನೆಪ ಹೇಳಿ, ತೆಕ್ಕಟ್ಟೆಯಲ್ಲಿ ಬ್ರಹ್ಮಾವರದ ಕಡೆಯ ಬಸ್ಸು ಹತ್ತಿದೆ. ನಮ್ಮ ಕಡೆ ಎಲ್ಲಿಗೆ ಎಂದು ಕೇಳದೆ ಪಕ್ಕದಲ್ಲಿ ಕೂರುವ ಪದ್ಧತಿಯೇ ಇಲ್ಲ. ಆಚೆಮನೆಯ ದೊಡ್ಡಮ್ಮ ಬಸ್ಸಿನಲ್ಲೇ ಇದ್ದರು. ಹಲ್ಲು ಎಂದೆ. ಅವರು ನಾನಿಳಿದಲ್ಲೇ ಇಳಿದರು. ನಾನು ಆಸ್ಪತ್ರೆಯಲ್ಲಿ ಹೆರಿಗೆ ನೋಡುವ ಸಿಸ್ಟರ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತದ್ದನ್ನು ಕಂಡೇ ಮುಂದೆ ಹೋದರು.

ಸಿಸ್ಟರ್ ಕೆಟ್ಟವರಲ್ಲ, ಪುಕ್ಕಲು. "ಒಂದೇ ಮಗು. ಗಂಡ ಊರಲ್ಲಿಲ್ಲ. ಹಾಂಗಾರೆ ಅತ್ತೆ ಬಂದ್ ಹೇಳ್ಕ್ ಮಗಾ. ನಾಳೆ ಗಲಾಟೆ ಆದ್ರೆ ಬೈಸ್ಕಂಬುದ್ ನಾನ್."

"ಜೀವ ನಂದ್ ಅಲ್ದಾ?"

"ಹೌದ್. ಆದ್ರೂ ಅತ್ತೆ ಬರ್ಕ್."

ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ಗಂಡ, ಹೆಂಡತಿ, ಇಬ್ಬರು ಮಕ್ಕಳು ನಗುತ್ತಿದ್ದರು. ಆ ಚಿತ್ರದಲ್ಲಿ ಅತ್ತೆ ಇರಲಿಲ್ಲ. ನಗದೆ ಏನು ಮಾಡುತ್ತಾರೆ!

ಬಸುರಿಯ ಬಯಕೆಗೆ ನೆರೆಮನೆಯವರು ಬಾಯಿಗೆ ರುಚಿಯಾದದ್ದನ್ನು ಮಾಡಿ ಕಳಿಸುವುದು ನಮ್ಮಲ್ಲಿ ವಾಡಿಕೆ. ಎರಡು ದಿನ ಕಳೆಯುವುದರೊಳಗೆ ಮನೆಗೆ ಮಿಡಿ ಉಪ್ಪಿನಕಾಯಿ ಬಂತು, ಕೊಟ್ಟೆ ಕಡುಬು ಬಂತು. ಅತ್ತೆ ಯಾಕೆಂದು ಯೋಚಿಸದೆ ಖುಷಿಯಿಂದಲೇ ಕಡುಬಿನ ಎಲೆ ಬಿಚ್ಚುತ್ತಿದ್ದರು. ಅಷ್ಟರಲ್ಲಿ ದೊಡ್ಡಮ್ಮ ಒಂದು ಪಾತ್ರೆ ಬಂಗುಡೆ ಮೀನಿನ ಸಾರು ಹಿಡಿದು ಬಂದರು.

"ಸೊಸಿಗ್ ಕೊಡಿ. ಹೊಟ್ಟಿಲ್ ಮಗು ಇಪ್ಪತ್ತಿಗೆ ಆಸಿ ಜಾಸ್ತಿ."

ಅತ್ತೆಯ ಕೈ ನಿಂತಿತು. "ಮಗ ಹೋಯಿ ಹತ್ತ್ ತಿಂಗ್ಳಾಯ್ತ್ ಮಾರಾಯ್ತಿ!"

ದೊಡ್ಡಮ್ಮ ಪಾತ್ರೆ ಅಲ್ಲೇ ಇಟ್ಟು, ಊರಿಗೆಲ್ಲ ಹೇಳುವಷ್ಟು ಸುದ್ದಿಯೊಂದಿಗೆ ಹೊರಟುಹೋದರು. ನಾನು ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ಯಲು ಪುರುಸೊತ್ತೇ ಇರಲಿಲ್ಲ. ಮರುದಿನ ಬೆಳಿಗ್ಗೆ ಮದುವೆಗೆ ಉಡುವ ಸೀರೆ ಉಟ್ಟು ನನ್ನನ್ನು ಬಸ್ಸಿಗೆ ಹತ್ತಿಸಿದರು. ಯಾರೋ ಎಲ್ಲಿಗೆ ಎಂದು ಕೇಳಿದ್ದೇ ತಡ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು:

"ಸೊಸಿಗ್ ಲೂಪ್ ಹಾಕ್ಸುಕೆ! ಬಸ್ರಿ ಅಲ್ಲ, ಲೂಪ್! ಮಗ ಬತ್ತಾ ಇದ್ದ, ಅದ್ಕೆ!"

ಗಂಡಸರೆಲ್ಲ ಒಟ್ಟಿಗೆ ಗದ್ದೆ ನೋಡತೊಡಗಿದರು. ಕಂಡಕ್ಟರ್ ನಮ್ಮ ಸೀಟಿನ ಬಳಿ ಸುಳಿಯಲೇ ಇಲ್ಲ.

ಸಿಸ್ಟರ್ ಮರುಮಾತಿಲ್ಲದೆ ಹಾಕಿದರು. ಡಾಕ್ಟರಮ್ಮ ಹೇಳಿದರೂ ಆಗದ ಕೆಲಸವನ್ನು ಒಂದು ಪಾತ್ರೆ ಬಂಗುಡೆ ಸಾರು ಮಾಡಿತ್ತು. ನಾನು ಸತ್ತರೆ ಮನೆಗೆ ದುಃಖ ಮಾತ್ರ ಆಗುತ್ತಿತ್ತು, ಮರ್ಯಾದೆ ಹೋಗುತ್ತಿರಲಿಲ್ಲವಲ್ಲ.

ವಾರ ಕಳೆದ ಮೇಲೆ ಬಾವಿಕಟ್ಟೆಯಲ್ಲಿ ಕೆಳಮನೆಯ ಸೊಸೆ ನನ್ನನ್ನು ಹಿಡಿದು ನಿಲ್ಲಿಸಿದಳು. ನನಗಿಂತ ಚಿಕ್ಕವಳು, ಕಂಕುಳಲ್ಲಿ ಒಂದು, ಸೆರಗು ಹಿಡಿದು ಒಂದು.

"ಅಕ್ಕಾ, ನಂಗೂ ಬೇಕಿತ್ತ್. ನಿಮ್ಮತ್ತೆ ಹ್ಯಾಂಗ್ ಒಪ್ರ್? ನಂಗೂ ಹೇಳಿಕೊಡಿ."

ಹೇಳಿಕೊಡುವುದೇನೋ ಸುಲಭ. ಆದರೆ ಅವಳ ಗಂಡ ಊರಲ್ಲೇ ಇದ್ದ; ಎಷ್ಟು ಪಾತ್ರೆ ಬಂಗುಡೆ ಸಾರು ಬಂದರೂ ಅವಳತ್ತೆಯ ಮರ್ಯಾದೆ ಹೋಗುವಂತಿರಲಿಲ್ಲ.